ಹಳೆಯ ಅಡುಗೆಮನೆಯ ನವೀಕರಣ: ಗೋಡೆ ಮುಚ್ಚುವ ಮೊದಲು ಆಗಬೇಕಾದ ಕೆಲಸಗಳು

ಹಳೆಯ ಅಡುಗೆಮನೆಯನ್ನು ಹೊಸದು ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಆರಿಸುವುದು ಟೈಲ್ಸ್ ಬಣ್ಣವನ್ನು, ಕಪಾಟಿನ ಬಾಗಿಲುಗಳ ಹೊಳಪನ್ನು. ಆದರೆ ಬಣ್ಣ ಮಾಸಿದ ಮಾತ್ರಕ್ಕೆ ಅಡುಗೆಮನೆ ಹಳತಾಗುವುದಿಲ್ಲ. ಗೋಡೆಯೊಳಗಿನ ಪೈಪು ತುಕ್ಕು ಹಿಡಿದಿರುತ್ತದೆ; ಒಂದು ದೀಪಕ್ಕೂ ಒಂದು ಪ್ಲಗ್ಗಿಗೂ ಎಂದು ಎಳೆದಿದ್ದ ವೈರಿನ ಮೇಲೆ ಈಗ ಫ್ರಿಜ್, ಓವನ್, ಮಿಕ್ಸರ್ ಎಲ್ಲದರ ಭಾರ ಬಿದ್ದಿರುತ್ತದೆ; ಯಾರದೋ ಎತ್ತರಕ್ಕೆ ಕಟ್ಟಿದ ಕಟ್ಟೆಯ ಮುಂದೆ ಇನ್ಯಾರೋ ದಿನವೂ ಬಗ್ಗಿ ನಿಲ್ಲುತ್ತಿರುತ್ತಾರೆ. ಕಪಾಟಿನ ಬಾಗಿಲನ್ನು ಹತ್ತು ವರ್ಷಗಳ ನಂತರ ಬೇಕಾದರೂ ಬದಲಿಸಬಹುದು, ಗೋಡೆಯಲ್ಲಿ ಹೂತ ಪೈಪನ್ನು ಟೈಲ್ಸ್ ಒಡೆಯದೆ ಬದಲಿಸಲಾಗದು. ಹಾಗಾಗಿ ಹಣವೂ ಗಮನವೂ ಮೊದಲು ಸಲ್ಲಬೇಕಾದದ್ದು ಕಣ್ಣಿಗೆ ಬೀಳದ ಭಾಗಗಳಿಗೆ.

ಒಂದು ವಾರ ಸುಮ್ಮನೆ ಗಮನಿಸಿ

ಕೆಲಸದವರನ್ನು ಕರೆಯುವ ಮೊದಲು ಒಂದು ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಅಡುಗೆಮನೆಯನ್ನು ಬಳಸುವ ಪ್ರತಿಯೊಬ್ಬರೂ ತಮಗಾದ ಅಡಚಣೆಯನ್ನು ಆಗಿಂದಾಗಲೇ ಅದರಲ್ಲಿ ಬರೆಯುವಂತೆ ಮಾಡಿ. ಬಿಸಿ ಪಾತ್ರೆ ಇಳಿಸಲು ಜಾಗ ಸಿಗಲಿಲ್ಲ, ಮೇಲಿನ ಡಬ್ಬ ಕೈಗೆ ಎಟುಕಲಿಲ್ಲ, ಫ್ರಿಜ್ ತೆರೆದಾಗ ದಾರಿ ಕಟ್ಟಿತು ಎಂಬಂಥ ಸಣ್ಣ ಸಾಲುಗಳೇ ವಾರದ ಕೊನೆಗೆ ನಿಮ್ಮ ನಿಜವಾದ ನಕ್ಷೆಯಾಗುತ್ತವೆ. ಅಂಗಡಿಯ ಮಾದರಿ ಅಡುಗೆಮನೆಯನ್ನು ನೋಡಿ ತೀರ್ಮಾನಿಸುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಅಲ್ಲಿ ಯಾರೂ ಅಡುಗೆ ಮಾಡಿರುವುದಿಲ್ಲ.

ಮನೆಯೂ ಹಲವು ಗುರುತುಗಳನ್ನು ಕೊಡುತ್ತದೆ. ಸಿಂಕ್ ಕೆಳಗಿನ ಕಪಾಟನ್ನು ಖಾಲಿ ಮಾಡಿ, ತಳದ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ನೆನೆದ ರಟ್ಟಿನಂತೆ ಅದು ಒಳಕ್ಕೆ ಕುಸಿದರೆ ಅಲ್ಲಿ ಬಹಳ ದಿನಗಳಿಂದ ನೀರು ಜಿನುಗುತ್ತಿದೆ ಎಂದೇ ಅರ್ಥ. ಪ್ಲಗ್ಗಿನ ತೂತುಗಳ ಸುತ್ತ ಕಂದು ಕಲೆಯಿದ್ದರೆ ಆ ಜೋಡಣೆ ಬಿಸಿಯಾಗುತ್ತಿದೆ ಎಂದು ತಿಳಿಯಬೇಕು.

ಅಳತೆಯ ಲೆಕ್ಕ

ಕಟ್ಟೆಯ ಎತ್ತರ ಸಾಮಾನ್ಯವಾಗಿ 85ರಿಂದ 90 ಸೆಂಟಿಮೀಟರ್ ಇರುತ್ತದೆಯಾದರೂ ಆ ಸಂಖ್ಯೆಯನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಬೇಕಿಲ್ಲ. ಹೆಚ್ಚು ಹೊತ್ತು ಅಡುಗೆ ಮಾಡುವವರು ನೆಟ್ಟಗೆ ನಿಂತು ಮೊಣಕೈ ಮಡಚಲಿ. ನೆಲದಿಂದ ಮೊಣಕೈವರೆಗಿನ ಎತ್ತರಕ್ಕಿಂತ 10ರಿಂದ 15 ಸೆಂ.ಮೀ. ಕೆಳಗೆ ಕಟ್ಟೆಯಿದ್ದರೆ ಹೆಚ್ಚಲು, ಕಲಸಲು ಹಿತವಾಗುತ್ತದೆ. ಪಾತ್ರೆ ತೊಳೆಯುವಾಗ ಕೈ ಸಿಂಕಿನ ತಳದವರೆಗೆ ಇಳಿಯುವುದರಿಂದ ಸಿಂಕಿನ ಅಂಚು ಇದಕ್ಕಿಂತ ತುಸು ಮೇಲಿದ್ದರೂ ಒಳ್ಳೆಯದೇ. ನಮ್ಮ ಮನೆಯ ಹಳೆಯ ಕಟ್ಟೆ 76 ಸೆಂ.ಮೀ. ಎತ್ತರವಿತ್ತು. ಅಮ್ಮನ ಬೆನ್ನುನೋವಿಗೆ ನಾವೆಲ್ಲ ವಯಸ್ಸನ್ನೇ ಕಾರಣ ಮಾಡಿಕೊಂಡಿದ್ದೆವು. ಅಳತೆಪಟ್ಟಿ ಹಿಡಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು. ಈ ಒಂದು ಅಳತೆಯಲ್ಲಿ ದಯವಿಟ್ಟು ಅವಸರ ಬೇಡ.

ಅಡುಗೆಮನೆಯಲ್ಲಿ ಹೆಜ್ಜೆಗಳನ್ನು ಲೆಕ್ಕ ಹಾಕುವ ಕ್ರಮ ಹೊಸದಲ್ಲ. ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ 1926ರಲ್ಲಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಪುಟ್ಟ ಕೋಣೆ; ಅನಗತ್ಯ ಓಡಾಟವನ್ನು ತಪ್ಪಿಸುವುದೇ ಅದರ ಗುರಿಯಾಗಿತ್ತು. ಮುಂದೆ 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದ ಅಧ್ಯಯನಗಳಿಂದ ಒಲೆ, ಸಿಂಕ್, ಫ್ರಿಜ್‌ಗಳನ್ನು ಮೂರು ಮೂಲೆಗಳಾಗಿ ಎಣಿಸುವ ‘ಕೆಲಸದ ತ್ರಿಕೋನ’ದ ಲೆಕ್ಕ ಬಳಕೆಗೆ ಬಂತು. ಅದರ ಪ್ರಕಾರ ಪ್ರತಿ ಬದಿ 1.2ರಿಂದ 2.7 ಮೀಟರ್ ಒಳಗಿರಬೇಕು, ಮೂರೂ ಬದಿ ಸೇರಿ 7.9 ಮೀಟರ್ ದಾಟಬಾರದು. ಆದರೆ ಇದು ಒಬ್ಬರೇ ಅಡುಗೆ ಮಾಡುವ ಕಾಲದ ಲೆಕ್ಕ. ಇಬ್ಬರು ಒಟ್ಟಿಗೆ ಕೆಲಸ ಮಾಡುವ ಮನೆಯಲ್ಲಿ ತ್ರಿಕೋನಕ್ಕಿಂತ, ತೊಳೆಯುವ ಜಾಗಕ್ಕೂ ಒಲೆಗೂ ನಡುವೆ ಇಬ್ಬರ ಕೈ ತಾಕದಷ್ಟು ಖಾಲಿ ಕಟ್ಟೆ ಉಳಿಸುವುದೇ ಮುಖ್ಯವೆಂಬುದು ನನ್ನ ಅಭಿಪ್ರಾಯ. ಎದುರುಬದುರು ಕಟ್ಟೆಗಳಿದ್ದರೆ ನಡುವಿನ ಓಡಾಟದ ಜಾಗ ಒಬ್ಬರಿಗೆ ಸುಮಾರು 105 ಸೆಂ.ಮೀ., ಇಬ್ಬರಿಗೆ 120 ಸೆಂ.ಮೀ. ಬೇಕಾಗುತ್ತದೆ.

ಸಾಧ್ಯವಾದಷ್ಟೂ ಸಿಂಕನ್ನು ಇದ್ದಲ್ಲೇ ಉಳಿಸಿ. ಕೊಳೆನೀರಿನ ಪೈಪಿಗೆ ಮೀಟರಿಗೆ ಸುಮಾರು 2 ಸೆಂ.ಮೀ. ಇಳಿಜಾರು ಬೇಕಾಗುವುದರಿಂದ, ಸಿಂಕ್ ಎದುರು ಗೋಡೆಗೆ ಹೋದರೆ ನೆಲವನ್ನೆಲ್ಲ ಅಗೆಯಬೇಕಾದೀತು.

ಒಡೆಯುವ ಮುನ್ನ

ಒಲೆ, ಫ್ರಿಜ್, ಸಿಂಕ್, ಚಿಮಣಿಗಳ ಮಾದರಿಯನ್ನು ಮೊದಲೇ ನಿರ್ಧರಿಸಿ, ಅವುಗಳ ಅಳತೆಯನ್ನು ಬಡಗಿಗೂ ಎಲೆಕ್ಟ್ರಿಷಿಯನ್‌ಗೂ ಬರೆದು ಕೊಡಿ. ಗೋಡೆ ಒಡೆದ ಮೇಲೆ ಏನು ಕಾಣಿಸೀತೆಂದು ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ ಅಂದಾಜಿನ ಮೇಲೆ ಶೇಕಡ 10ರಿಂದ 20ರಷ್ಟು ಹಣವನ್ನು ಬೇರೆಯಾಗಿ ತೆಗೆದಿಡಿ. ಯಾವುದೇ ಗೋಡೆಯನ್ನು ತೆಗೆಯುವ ಮಾತಿದ್ದರೆ ಅದು ಭಾರ ಹೊತ್ತಿದೆಯೇ ಎಂಬುದನ್ನು ಎಂಜಿನಿಯರ್ ನೋಡಿ ಹೇಳಬೇಕು, ಮೇಸ್ತ್ರಿಯ ಅನುಭವದ ಮಾತು ಇಲ್ಲಿ ಸಾಲದು. ತುಂಬ ಹಳೆಯ ಮನೆಗಳ ಬಣ್ಣದಲ್ಲಿ ಸೀಸ, ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆಯುಂಟು. ಅಂಥವನ್ನು ಪರೀಕ್ಷಿಸದೆ ಉಜ್ಜುವುದು, ಕತ್ತರಿಸುವುದು ಮಕ್ಕಳಿರುವ ಮನೆಯಲ್ಲಂತೂ ಕೂಡದು. ಇನ್ನೊಂದು ಕೋಣೆಯಲ್ಲಿ ತಾತ್ಕಾಲಿಕ ಒಲೆಯ ವ್ಯವಸ್ಥೆ ಮಾಡಿಕೊಂಡು, ನೀರು, ವಿದ್ಯುತ್, ಗ್ಯಾಸ್ ಮೂರನ್ನೂ ಬಂದ್ ಮಾಡಿದ ನಂತರವೇ ಸುತ್ತಿಗೆ ಎತ್ತಬೇಕು.

ಕೆಲಸದ ಕ್ರಮ

ಒಡೆದ ಕೂಡಲೆ ಆಗಬೇಕಾದದ್ದು ಪ್ಲಂಬಿಂಗ್ ಮತ್ತು ವೈರಿಂಗ್. ಓವನ್, ಡಿಶ್‌ವಾಷರ್‌ನಂಥ ಹೆಚ್ಚು ವಿದ್ಯುತ್ ಎಳೆಯುವ ಉಪಕರಣಗಳಿಗೆ ಮುಖ್ಯ ಬೋರ್ಡಿನಿಂದಲೇ ಪ್ರತ್ಯೇಕ ವೈರು ಬರಲಿ. ಒದ್ದೆ ಕೈ ಓಡಾಡುವ ಜಾಗವಾದ್ದರಿಂದ, ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಸುರಕ್ಷಾ ಸ್ವಿಚ್ ಇರಲೇಬೇಕು. ಒಲೆಯ ನೇರ ಮೇಲೆ, ಸಿಂಕಿನ ಪಕ್ಕದಲ್ಲೇ ಪ್ಲಗ್ ಬೇಡ. ದೀಪದ ಜಾಗವೂ ಈಗಲೇ ಗೊತ್ತಾಗಲಿ: ಚಾವಣಿಯ ನಡುವೆ ಒಂದೇ ದೀಪವಿದ್ದರೆ ಹೆಚ್ಚುವ ಹಲಗೆಯ ಮೇಲೆ ನಮ್ಮದೇ ನೆರಳು ಬೀಳುತ್ತದೆ, ಮೇಲಿನ ಕಪಾಟಿನ ತಳದಲ್ಲಿ ಮುಂದಿನ ಅಂಚಿಗೆ ಪಟ್ಟಿದೀಪ ಕೂರಿಸಿದರೆ ಆ ತೊಂದರೆ ತಪ್ಪುತ್ತದೆ. ಚಿಮಣಿಯ ಪೈಪು ನೇರವಾಗಿ ಹೊರಗೋಡೆಗೆ ಹೋಗಬೇಕು. ಅದು ಎಷ್ಟು ಗಿಡ್ಡವಾಗಿ, ಎಷ್ಟು ಕಡಿಮೆ ತಿರುವುಗಳಲ್ಲಿ ಸಾಗುತ್ತದೋ ಅಷ್ಟು ಚೆನ್ನಾಗಿ ಹೊಗೆ ಹೊರಬೀಳುತ್ತದೆ.

ಪೈಪುಗಳನ್ನು ಜೋಡಿಸಿದ ಮೇಲೆ ಒತ್ತಡದಲ್ಲಿ ನೀರು ತುಂಬಿ, ಮಾಪಕದ ಮುಳ್ಳು ಇಳಿಯುವುದಿಲ್ಲ ಎಂಬುದನ್ನು ನೀವೇ ನಿಂತು ನೋಡಿ. ಅದಾದ ಮೇಲೆ, ಗೋಡೆ ಮುಚ್ಚುವ ಮುನ್ನ, ಅಳತೆಪಟ್ಟಿಯನ್ನು ಗೋಡೆಗೆ ಹಿಡಿದು ಪ್ರತಿ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ. ಐದು ವರ್ಷಗಳ ನಂತರ ಒಂದು ಮೊಳೆ ಹೊಡೆಯಬೇಕಾದಾಗ, ಪೈಪು ಎಲ್ಲಿ ಹಾದಿದೆಯೆಂದು ತಿಳಿಸುವ ದಾಖಲೆ ಅದೊಂದೇ.

ಸಿಮೆಂಟ್ ಗಾರೆ ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಂದಿಗೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಆದ್ದರಿಂದ ಕನಿಷ್ಠ ಒಂದು ವಾರ ಅದಕ್ಕೆ ನೀರುಣಿಸಬೇಕು, ಬಳಿಕ ಗೋಡೆ ಪೂರ್ತಿ ಆರಲು ಬಿಡಬೇಕು. ಹಸಿ ಗೋಡೆಗೆ ಕಪಾಟು ಕೂರಿಸಿದರೆ ಹಿಂಬದಿಯ ಹಲಗೆಗೆ ಬೂಷ್ಟು ಹಿಡಿಯುತ್ತದೆ. ನೆಲದ ಟೈಲ್ಸ್ ಮುಗಿದ ನಂತರ ಕೆಳಗಿನ ಕಪಾಟುಗಳು ಬರಲಿ. ಅವನ್ನು ಮಟ್ಟ ಮಾಡಿ ಬಿಗಿದ ಮೇಲೆಯೇ ಕಟ್ಟೆಕಲ್ಲಿನ ಅಳತೆ ತೆಗೆಸಿ, ಏಕೆಂದರೆ ಹಳೆಯ ಮನೆಯ ಮೂಲೆಗಳು ನೇರ ಕೋನದಲ್ಲಿರುವುದು ಅಪರೂಪ.

ಕಲ್ಲಿನ ಆಯ್ಕೆಯಲ್ಲಿ ಸ್ವಭಾವ ನೋಡಬೇಕು. ಅಮೃತಶಿಲೆಯಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆರಸ ಬಿದ್ದ ಕಡೆ ಹೊಳಪು ಹೋಗುತ್ತದೆ, ಒರೆಸಿದರೆ ಮರಳುವುದಿಲ್ಲ. ಗ್ರಾನೈಟಿಗೆ ಆ ಭಯವಿಲ್ಲ. ಕಾರ್ಖಾನೆಯಲ್ಲಿ ತಯಾರಾದ ಕ್ವಾರ್ಟ್ಜ್ ಕಲ್ಲಿನಲ್ಲಿ ರಾಳ ಬೆರೆತಿರುವುದರಿಂದ ಒಲೆಯಿಂದಿಳಿಸಿದ ಪಾತ್ರೆಯನ್ನು ನೇರವಾಗಿ ಅದರ ಮೇಲಿಡಬಾರದು. ಸಿಂಕ್ ಕೆಳಗಿನ ಕಪಾಟಿಗೆ ನೀರು ತಡೆಯುವ ದರ್ಜೆಯ ಪ್ಲೈವುಡ್ಡೇ ಇರಲಿ, ಕತ್ತರಿಸಿದ ಅಂಚುಗಳನ್ನೂ ಪೈಪಿಗಾಗಿ ಕೊರೆದ ತೂತುಗಳನ್ನೂ ಬಿಡದೆ ಸೀಲ್ ಮಾಡಿಸಿ. ನೀರು ಒಳಹೋಗುವುದು ಅಲ್ಲಿಂದಲೇ. ಕೆಳಭಾಗದಲ್ಲಿ ಆಳವಾದ ಅರೆಗಳಿಗಿಂತ ಪೂರ್ತಿ ಹೊರಬರುವ ಡ್ರಾಯರ್‌ಗಳು ಒಳ್ಳೆಯವು. ಹಿಂದಿನ ಸಾಲಿನ ಡಬ್ಬಕ್ಕಾಗಿ ವಯಸ್ಸಾದವರು ನೆಲಕ್ಕೆ ಕುಳಿತು ತಡಕಾಡಬೇಕಾಗುವುದಿಲ್ಲ.

ಕೊನೆಯ ಕಂತಿನ ಹಣ ಕೊಡುವ ಮುನ್ನ ಸಿಂಕನ್ನು ಅಂಚಿನವರೆಗೆ ತುಂಬಿಸಿ, ಕೆಳಗೆ ಒಣ ಕಾಗದ ಹಾಸಿ, ಒಮ್ಮೆಲೇ ನೀರು ಬಿಡಿ. ಹನಿ ಹನಿಯಾಗಿ ಬಿದ್ದಾಗ ಸುಮ್ಮನಿರುವ ಜೋಡಣೆ ಪೂರ್ತಿ ನೀರು ನುಗ್ಗಿದಾಗ ಸೋರುವುದುಂಟು. ಕಾಗದವನ್ನು ರಾತ್ರಿಯಿಡೀ ಅಲ್ಲೇ ಬಿಟ್ಟು, ಬೆಳಿಗ್ಗೆ ಟಾರ್ಚ್ ಹಿಡಿದು ಇನ್ನೊಮ್ಮೆ ನೋಡಿ.