ಎಂಜಿನ್ ಬದಲಿಸುವಾಗ ಕತ್ತರಿಸಿದ ಪೆಟ್ರೋಲ್ ಪೈಪ್: ಮತ್ತೆ ಜೋಡಿಸುವುದು ಹೇಗೆ?

ಹಳೆಯ ಮಾರುತಿ ಜಿಪ್ಸಿ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಎಂಜಿನ್ ಬದಲಿಸುವ ಯೋಚನೆ ಬಂದೇ ಬರುತ್ತದೆ. 1996ರಲ್ಲಿ ಬಂದ ಜಿಪ್ಸಿ ಕಿಂಗ್‌ನದು 1.3 ಲೀಟರಿನ ಕಾರ್ಬ್ಯುರೇಟರ್ ಎಂಜಿನ್. 2000ದಲ್ಲಿ ಅದೇ ಅಳತೆಯ ಎಂಜಿನ್‌ಗೆ ಎಂಪಿಎಫ್‌ಐ, ಅಂದರೆ ಕಾರ್ಬ್ಯುರೇಟರ್ ಬದಲು ಪ್ರತಿ ಸಿಲಿಂಡರಿಗೂ ಇಂಜೆಕ್ಟರ್ ಮೂಲಕ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ, ಬಂತು. ಚಾಸಿ ಗಟ್ಟಿಯಾಗಿರುವ ಹಳೇ ಗಾಡಿಗೆ ಗುಜರಿಯಿಂದ ಎಂಪಿಎಫ್‌ಐ ಎಂಜಿನ್ ತಂದು ಕೂರಿಸುವುದನ್ನು ಅನೇಕರು ಮಾಡುತ್ತಾರೆ. ಎಂಜಿನ್ ನಂಬರ್ ಬದಲಾಗುವುದರಿಂದ ಆರ್‌ಟಿಒ ಅನುಮತಿ ಮತ್ತು ಆರ್‌ಸಿ ತಿದ್ದುಪಡಿಯ ವಿಚಾರವನ್ನು ಎಂಜಿನ್ ಕೊಳ್ಳುವ ಮೊದಲೇ ಮುಗಿಸಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದಕ್ಕೇ ಇರುವುದು.

ಎಂಜಿನ್ ಇಳಿಸುವ ಭರದಲ್ಲಿ ಮೊದಲು ಕತ್ತರಿ ಬೀಳುವುದು ಪೆಟ್ರೋಲ್ ಪೈಪಿಗೆ. ನಟ್ ತುಕ್ಕು ಹಿಡಿದಿರುತ್ತದೆ, ಪಾನಾ ಜಾರುತ್ತದೆ, ಯಾರೋ ಹ್ಯಾಕ್ಸಾ ತಂದು ಎರಡು ಎಳೆತಕ್ಕೆ ತುಂಡು ಮಾಡಿಬಿಡುತ್ತಾರೆ. ನಾನೂ ಹಾಗೆ ಮಾಡಿದವನೇ. ಆ ತುದಿಗಳಿಗೆ ಮಾಮೂಲಿ ರಬ್ಬರ್ ಹೋಸ್ ತುರುಕಿ, ಎರಡು ಕ್ಲಿಪ್ ಬಿಗಿದು, ಕೀ ಆನ್ ಮಾಡಿದೆ. ಕ್ಲಿಪ್ಪಿನ ಪಕ್ಕದಿಂದ ಕೂದಲೆಳೆಯಷ್ಟು ಸಣ್ಣ ಧಾರೆ ಎದ್ದು ಸೈಲೆನ್ಸರ್ ಪೈಪಿನ ಮೇಲೆ ಬಿತ್ತು. ಎಂಜಿನ್ ತಣ್ಣಗಿತ್ತು, ಅಷ್ಟಕ್ಕೇ ಉಳಿದೆವು. ಆಮೇಲೆ ಈ ಕೆಲಸವನ್ನು ಮೊದಲಿನಿಂದ ಕಲಿತೆ.

ತಪ್ಪಾದದ್ದು ಪ್ರೆಷರ್ ಲೆಕ್ಕದಲ್ಲಿ. ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಕಳಿಸುವ ಮೆಕ್ಯಾನಿಕಲ್ ಪಂಪ್ ಕೊಡುವುದು ಚದರ ಸೆಂಟಿಮೀಟರಿಗೆ ಕಾಲು ಕೆ.ಜಿ ಆಸುಪಾಸಿನ ಒತ್ತಡ. ಎಂಪಿಎಫ್‌ಐಗೆ ಬೇಕಾದ್ದು ಎರಡೂವರೆಯಿಂದ ಮೂರು ಕೆ.ಜಿ, ಅಂದರೆ ಕಾರಿನ ಟೈರಿಗೆ ಹೊಡೆಸುವ ಗಾಳಿಗಿಂತ ಜಾಸ್ತಿ. ಹಳೇ ಎಂಜಿನ್‌ನಲ್ಲಿ ಹತ್ತು ವರ್ಷ ತಡೆದ ಹೋಸ್ ಇಲ್ಲಿ ಹತ್ತು ನಿಮಿಷವೂ ತಡೆಯುತ್ತದೆಂದು ನಂಬುವಂತಿಲ್ಲ. ಕಾರ್ಬ್ಯುರೇಟರ್ ಗಾಡಿಯ ಪಾರದರ್ಶಕ ಪ್ಲಾಸ್ಟಿಕ್ ಫಿಲ್ಟರ್ ಕೂಡ ಬೇಡ. ಲೋಹದ ಕವಚದ ಇಂಜೆಕ್ಷನ್ ಫಿಲ್ಟರನ್ನೇ ಹಾಕಬೇಕು.

ಮುಟ್ಟುವ ಮುನ್ನ

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹಾರಿಹೋಗದೆ ನೆಲದಲ್ಲಿ ಹರಡಿ ತಗ್ಗಿಗೆ ಇಳಿಯುತ್ತದೆ. ಹಾಗಾಗಿ ಸರ್ವಿಸ್ ಗುಂಡಿಯ ಮೇಲೆ ಗಾಡಿ ನಿಲ್ಲಿಸಿ ಈ ಕೆಲಸ ಮಾಡಬೇಡಿ. ಬಯಲಿನಲ್ಲಿ ಅಥವಾ ಎರಡೂ ಕಡೆ ಬಾಗಿಲು ತೆರೆದ ಶೆಡ್ಡಿನಲ್ಲಿ ಮಾಡಿ. ಬ್ಯಾಟರಿಯ ಮೈನಸ್ ಬಿಚ್ಚಿ, ಟ್ಯಾಂಕಿನ ಮುಚ್ಚಳ ತೆಗೆದು ಒತ್ತಡ ಬಿಡಿ. ಒಣ ಪುಡಿಯ ಅಗ್ನಿಶಾಮಕ ಕೈಗೆ ಸಿಗುವಂತಿರಲಿ, ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಬೆಂಕಿ ಇನ್ನಷ್ಟು ಹರಡುತ್ತದೆ. ಗ್ರೈಂಡರ್, ಗ್ಯಾಸ್ ವೆಲ್ಡಿಂಗ್, ಬ್ರೇಜಿಂಗ್ ಯಾವುದೂ ಬೇಡ. 'ಪೈಪ್ ಖಾಲಿ ಇದೆ, ಒಂದು ಟಾಕಾ ಹಾಕಿಬಿಡ್ತೀನಿ' ಎನ್ನುವವರನ್ನು ದಯವಿಟ್ಟು ತಡೆಯಿರಿ. ಖಾಲಿ ಪೈಪಿನಲ್ಲಿ ಉಳಿದ ಆವಿ ತುಂಬಿದ ಪೈಪಿಗಿಂತ ಅಪಾಯ.

ಜಿಪ್ಸಿಯ ಚಾಸಿ ಗುಂಟ ಮೂರು ಪೈಪುಗಳು ಬರುತ್ತವೆ: ಪೆಟ್ರೋಲ್ ಹೋಗುವುದು, ಮರಳುವುದು, ಆವಿಯದು. ತುಂಡಾದ ಮೇಲೆ ಮೂರೂ ಒಂದೇ ರೀತಿ ಕಾಣುತ್ತವೆ. ಅಂದಾಜಿಗೆ ಹೋಗದೆ ಟ್ಯಾಂಕಿನಿಂದ ಕೈಯಾಡಿಸುತ್ತಾ ಬಂದು ಒಂದೊಂದಕ್ಕೂ ಬೇರೆ ಬಣ್ಣದ ಟೇಪ್ ಸುತ್ತಿ. ಟ್ಯಾಂಕಿನೊಳಗಿನ ಎಲೆಕ್ಟ್ರಿಕ್ ಪಂಪ್ ಸಮೇತ ಎಂಪಿಎಫ್‌ಐ ಟ್ಯಾಂಕ್ ಹಾಕಿಕೊಳ್ಳುವುದಾದರೆ ಅದನ್ನು ಈಗಲೇ ಕೂರಿಸಿ, ಪೈಪ್ ಕೆಲಸ ಆಮೇಲೆ.

ಹೊಸ ಜಾಯಿಂಟ್ ಸೇರಿಸದೆ ಜೋಡಿಸುವುದು

ತುಂಡಾದ ಜಾಗದಲ್ಲೇ ಎರಡು ತುದಿ ಕೂಡಿಸಲು ಹೊರಟರೆ ಇಲ್ಲದ ಜಾಯಿಂಟ್ ಒಂದು ಹುಟ್ಟುತ್ತದೆ. ಪ್ರತಿ ಜಾಯಿಂಟೂ ಮುಂದೊಂದು ದಿನ ಸೋರಬಹುದಾದ ಜಾಗ. ಚಾಸಿ ಪೈಪಿನ ಕೊನೆಯಿಂದ ಎಂಜಿನ್‌ವರೆಗೆ ಹೇಗೂ ಒಂದು ಹೋಸ್ ಬೇಕೇ ಬೇಕು, ಯಾಕೆಂದರೆ ಎಂಜಿನ್ ಅಲುಗಾಡುತ್ತದೆ, ಚಾಸಿ ಅಲುಗಾಡುವುದಿಲ್ಲ. ಹಾಗಾಗಿ ಆ ಹೋಸ್ ಶುರುವಾಗುವ ಜಾಗವನ್ನೇ ತುಸು ಹಿಂದಕ್ಕೆ ಸರಿಸಿ. ತುಂಡಾದ ಪೈಪನ್ನು ತುಕ್ಕಿಲ್ಲದ ನೇರ ಭಾಗದವರೆಗೆ ಕತ್ತರಿಸಿಕೊಂಡರೆ ಹೋಸ್ ಅಲ್ಲಿಂದ ಹೊರಡುತ್ತದೆ. ಹೋಸ್ ಒಂದಡಿಗಿಂತ ಉದ್ದವಾಗುವಂತಿದ್ದರೆ ಅಥವಾ ಸೈಲೆನ್ಸರ್ ಹತ್ತಿರ ಹಾಯುವಂತಿದ್ದರೆ ಆ ಪೈಪನ್ನೇ ಪೂರ್ತಿ ಹೊಸದು ಮಾಡಿಸಿ. ತಾಮ್ರದ ಪೈಪ್ ಸುಲಭವಾಗಿ ಬಾಗುತ್ತದೆಂದು ಕೆಲವರು ಅದನ್ನೇ ಕೊಡುತ್ತಾರೆ. ಅದು ಅದುರಿ ಅದುರಿ ಗಡುಸಾಗಿ ಬಿರುಕು ಬಿಡುತ್ತದೆ, ಬೇಡ. ಸ್ಟೀಲ್ ಅಥವಾ ಕುಪ್ರೊನಿಕಲ್ (ತಾಮ್ರ-ನಿಕಲ್ ಮಿಶ್ರಲೋಹ) ಕೇಳಿ.

ಕತ್ತರಿಸಲು ಹ್ಯಾಕ್ಸಾ ಬದಲು ಟ್ಯೂಬ್ ಕಟರ್ ಬಳಸಿ. ಪೈಪಿನ ಸುತ್ತ ಒಂದು ಸುತ್ತು ತಿರುಗಿಸಿ, ಹಿಡಿಯನ್ನು ಕಾಲು ಸುತ್ತು ಬಿಗಿಸಿ, ಮತ್ತೆ ತಿರುಗಿಸಿ. ಅವಸರದಲ್ಲಿ ಒಮ್ಮೆಲೇ ಬಿಗಿಸಿದರೆ ಪೈಪ್ ಚಪ್ಪಟೆಯಾಗುತ್ತದೆ. ಕತ್ತರಿಸಿದ ಅಂಚಿನ ಒಳಗಡೆ ಬೆರಳಿಗೆ ಚುಚ್ಚುವ ಏಣು ಉಳಿದಿರುತ್ತದೆ, ಅದನ್ನು ಸಣ್ಣ ಅರದಿಂದ ಸವರಿ ತೆಗೆಯಿರಿ.

ಈಗ ಇಡೀ ಕೆಲಸದ ಜೀವಾಳ. ನುಣುಪಾದ ಪೈಪಿನ ಮೇಲೆ ಹೋಸ್ ಎಷ್ಟೇ ಬಿಗಿದರೂ ಮೂರು ಕೆ.ಜಿ ಒತ್ತಡಕ್ಕೆ ಮೆಲ್ಲಗೆ ಜಾರುತ್ತದೆ. ತುದಿಯಲ್ಲಿ ಒಂದು ಉಬ್ಬು ಬೇಕು. ಫ್ಲೇರಿಂಗ್ ಟೂಲ್, ಅಂದರೆ ಪೈಪಿನ ತುದಿ ಅಗಲಿಸುವ ಉಪಕರಣದ ಪಟ್ಟಿಯಲ್ಲಿ ಪೈಪ್ ಸಿಕ್ಕಿಸಿ, ಅಳತೆಯ ಅಡಾಪ್ಟರ್ ಇಟ್ಟು, ಒಂದು ಹನಿ ಎಣ್ಣೆ ಬಿಟ್ಟು ಸ್ಕ್ರೂ ಇಳಿಸಿ. ಪೈಪಿನ ಗೋಡೆ ಹೊರಕ್ಕೆ ಉಬ್ಬಿ ಉಂಗುರದಂತೆ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿ, ಇನ್ನೂ ಇಳಿಸಿದರೆ ಅಂಚು ಸೀಳುತ್ತದೆ. ಉಗುರಿನಿಂದ ಸುತ್ತಲೂ ಸವರಿ ನೋಡಿ: ಎಲ್ಲ ಕಡೆ ಒಂದೇ ಎತ್ತರ ಇರಬೇಕು. ಒಂದು ಕಡೆ ತಗ್ಗಿದ್ದರೆ ಕತ್ತರಿಸಿ ಮತ್ತೆ ಮಾಡಿ. ತುಂಡು ಪೈಪಿನ ಮೇಲೆ ಮೂರ್ನಾಲ್ಕು ಸಲ ಕೈ ಪಳಗಿಸಿಕೊಂಡೇ ಗಾಡಿಯ ಪೈಪಿಗೆ ಬನ್ನಿ.

ಹೋಸ್ ಕೊಳ್ಳುವಾಗ ಅದರ ಮೈಮೇಲಿನ ಅಚ್ಚು ಓದಿ. 'ಎಸ್‌ಎಇ ಜೆ30 ಆರ್9' ಎಂದಿದ್ದರೆ ಇಂಜೆಕ್ಷನ್ ಒತ್ತಡಕ್ಕೆ ಮಾಡಿದ್ದು. 'ಆರ್7' ಕಾರ್ಬ್ಯುರೇಟರ್‌ನದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಶೇ 20 ಎಥನಾಲ್ ಬೆರೆಸಿದ ಇ-20 ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ತೊಂಬತ್ತರ ದಶಕದ ರಬ್ಬರ್ ಅಷ್ಟು ಎಥನಾಲ್‌ಗೆಂದು ಮಾಡಿದ್ದಲ್ಲ. ಅದಕ್ಕೇ ಹಳೇ ಹೋಸ್ ನೋಡಲು ಚೆನ್ನಾಗಿದ್ದರೂ ಒಂದನ್ನೂ ಉಳಿಸಿಕೊಳ್ಳಬೇಡಿ. ಮರಳುವ ಪೈಪಿನಲ್ಲಿ ಒತ್ತಡ ಕಡಿಮೆ, ಆದರೂ ಅಲ್ಲಿಗೂ ಆರ್9 ಹಾಕಿದರೆ ನಿಶ್ಚಿಂತೆ.

ಹೋಸಿನ ತುದಿ ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಉಬ್ಬು ದಾಟಿ ಒಂದು ಇಂಚು ಒಳಗೆ ಹೋಗುವಂತೆ ತಳ್ಳಿ. ಕ್ಲ್ಯಾಂಪ್ ಕೂರಬೇಕಾದ್ದು ಉಬ್ಬಿನ ಹಿಂದೆ, ಉಬ್ಬಿನ ಮೇಲಲ್ಲ. ಪಟ್ಟಿಯುದ್ದಕ್ಕೂ ಸೀಳುಗಳಿರುವ ಅಗ್ಗದ ಕ್ಲಿಪ್ ರಬ್ಬರನ್ನು ಕಚ್ಚಿ ಕತ್ತರಿಸುತ್ತದೆ. ಅಂಚು ಮಡಚಿದ, ಸೀಳಿಲ್ಲದ ಇಂಜೆಕ್ಷನ್ ಕ್ಲ್ಯಾಂಪ್ ಹಾಕಿ. ಬಿಗಿಸುವಾಗ ಕ್ಲ್ಯಾಂಪ್ ಪಟ್ಟಿಯ ಅಂಚಿನಲ್ಲಿ ರಬ್ಬರ್ ತುಸು ಉಬ್ಬಿ ನಿಂತರೆ ಸಾಕು. ಎಂಜಿನ್ ಅಲುಗಿದಾಗ ಎಳೆತ ಬೀಳದಷ್ಟು ಸಡಿಲ ಹೋಸಿಗೆ ಇರಲಿ, ಆದರೆ ಎಲ್ಲೂ ಲೋಹಕ್ಕೆ ಉಜ್ಜಬಾರದು.

ಎಂಜಿನ್ ಕಡೆಯ ತುದಿ ಸಿಕ್ಕಿಸುವ ಮುಂಚೆ ಅದನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಬಿಟ್ಟು, ಬ್ಯಾಟರಿ ಕೂಡಿಸಿ, ಪಂಪನ್ನು ಎರಡು ಕ್ಷಣ ಓಡಿಸಿ. ಕತ್ತರಿಸಿದಾಗ ಒಳಗುಳಿದ ಲೋಹದ ಪುಡಿ ಅದರೊಂದಿಗೆ ಬಂದುಬಿಡುತ್ತದೆ. ಇಂಜೆಕ್ಟರ್‌ನ ರಂಧ್ರಕ್ಕೆ ಹೊಕ್ಕ ಒಂದು ಚೂರು ಒಂದು ಸಿಲಿಂಡರನ್ನೇ ಕೆಡಿಸಬಲ್ಲದು.

ಪರೀಕ್ಷೆ

ಎಲ್ಲ ಕೂಡಿಸಿದ ಮೇಲೆ ಸೆಲ್ಫ್ ಹೊಡೆಯದೆ ಕೀಯನ್ನು ಮೂರ್ನಾಲ್ಕು ಸಲ ಆನ್-ಆಫ್ ಮಾಡಿ. ಪ್ರತಿ ಸಲವೂ ಪಂಪ್ ಎರಡು ಮೂರು ಸೆಕೆಂಡ್ ಓಡಿ ಪ್ರೆಷರ್ ಕಟ್ಟುತ್ತದೆ. ಹಳೇ ಪತ್ರಿಕೆಯ ಚೂರನ್ನು ಒಂದೊಂದು ಜಾಯಿಂಟಿನ ಕೆಳಗೂ ಸುತ್ತಲೂ ಒತ್ತಿ ತೆಗೆಯಿರಿ. ಕಣ್ಣಿಗೆ ಕಾಣದ ಒಸರು ಕಾಗದದ ಮೇಲೆ ಕಪ್ಪಗೆ ಕಲೆಯಾಗಿ ಮೂಡುತ್ತದೆ. ಕಲೆ ಮೂಡಿದರೆ ಕ್ಲ್ಯಾಂಪ್ ಇನ್ನಷ್ಟು ಬಿಗಿಸುವ ಬದಲು ಬಿಚ್ಚಿ ಉಬ್ಬನ್ನು ನೋಡಿ, ತಪ್ಪು ಸಾಮಾನ್ಯವಾಗಿ ಅಲ್ಲಿರುತ್ತದೆ. ಎಂಜಿನ್ ಓಡಿದ ಮೇಲೆ ಕಪ್ಪು ಹೊಗೆ ಬರುತ್ತಿದ್ದರೆ ಮರಳುವ ಪೈಪ್ ಎಲ್ಲಾದರೂ ಮಡಚಿಕೊಂಡಿದೆಯೇ ಎಂದು ಮೊದಲು ಹುಡುಕಿ. ಅದು ಕಟ್ಟಿದರೆ ಒತ್ತಡ ಏರಿ ಪೆಟ್ರೋಲ್ ಹೆಚ್ಚು ಸುರಿಯುತ್ತದೆ.

ಮೊದಲ ದಿನ ಹತ್ತು ಕಿಲೋಮೀಟರ್ ಸಾಕು. ಬಂದು ಎಂಜಿನ್ ಬಿಸಿಯಿರುವಾಗಲೇ ಪತ್ರಿಕೆಯ ಚೂರು ಹಿಡಿದು ಇನ್ನೊಮ್ಮೆ ನೋಡಿ. ರಾತ್ರಿ ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿದ್ದರೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ದೀಪದ ಸ್ವಿಚ್ ಮುಟ್ಟಬೇಡಿ, ಮೊದಲು ವಾಸನೆ ನೋಡಿ. ಪೆಟ್ರೋಲಿನ ವಾಸನೆ ಬಂದರೆ ಬಾಗಿಲನ್ನು ಪೂರ್ತಿ ತೆರೆದಿಟ್ಟು ಆಚೆ ಬನ್ನಿ. ಗಾಳಿಯಾಡಿ ವಾಸನೆ ಹೋದ ಮೇಲೆ ಗಾಡಿಯನ್ನು ಕೈಯಿಂದಲೇ ತಳ್ಳಿ ಹೊರಗೆ ತನ್ನಿ.