ಮಾಯಾ ಶಾಸನದ ದಿನವನ್ನು ಲೆಕ್ಕ ಹಾಕುವ ಬಗೆ

ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರಿಗೆ ಕಾಲವೆಂದರೆ ದೇವರು ಹೊರುವ ಹೊರೆ. ಹೊಂಡುರಾಸ್‌ನ ಕೊಪಾನ್‌ನಲ್ಲಿರುವ 'ಡಿ' ಶಿಲಾಸ್ತಂಭದಲ್ಲಿ ಇದನ್ನು ಕಣ್ಣಾರೆ ನೋಡಬಹುದು: ಅಂಕಿಗಳೇ ದೇವರ ರೂಪದಲ್ಲಿ ಕೂತಿವೆ, ಕಾಲಮಾನದ ಮೂಟೆ ಬೆನ್ನ ಮೇಲೆ, ಅದರ ಪಟ್ಟಿ ಹಣೆಗೆ. ಇಂದಿನ ಹೊರೆ ಯಾರದು ಎಂದು ತಿಳಿಯಲು ಬೇಕಾದದ್ದು ಭಾಗಾಕಾರ ಮಾತ್ರ.

ಮೊದಲು ಅಂಕಿ ಓದಿ. ಚುಕ್ಕಿ ಅಂದರೆ 1, ಪಟ್ಟಿ ಅಂದರೆ 5. ಒಂದೋ ಎರಡೋ ಚುಕ್ಕಿ ಇದ್ದರೆ ಜಾಗ ಬೋಳಾಗಿ ಕಾಣಬಾರದೆಂದು ಶಿಲ್ಪಿಗಳು ಪಕ್ಕದಲ್ಲಿ ಅರ್ಧಚಂದ್ರದಂಥ ಅಲಂಕಾರ ಕೆತ್ತುತ್ತಿದ್ದರು. ಅದನ್ನೂ ಎಣಿಸಿದರೆ 1 ಹೋಗಿ 3 ಆಗುತ್ತದೆ.

ಒಂದು ಆರಂಭದ ದಿನದಿಂದ ಕಳೆದ ದಿನಗಳನ್ನೆಲ್ಲ ಎಣಿಸುವ ದೀರ್ಘ ಗಣನೆಯಲ್ಲಿ ಐದು ಸ್ಥಾನ: ಬಾಕ್‌ತುನ್ 1,44,000 ದಿನ, ಕಾತುನ್ 7,200, ತುನ್ 360, ವಿನಾಲ್ 20, ಕಿನ್ 1. ಇಪ್ಪತ್ತರ ಲೆಕ್ಕ ಅಂದುಕೊಂಡು ತುನ್‌ಗೆ 400 ಹಾಕುವವರೇ ಹೆಚ್ಚು. ಆ ಒಂದು ಸ್ಥಾನದಲ್ಲಿ ಮಾತ್ರ ವಿನಾಲ್‌ನ 20ನ್ನು 18ರಿಂದ ಗುಣಿಸಬೇಕು.

ಮೆಕ್ಸಿಕೋದ ಪಾಲೆಂಕೆಯ ಅರಸ ಪಾಕಲ್ ತೀರಿಕೊಂಡದ್ದು 683ರಲ್ಲಿ. ಅವನ ಸಾವಿನ ದಿನ 9.12.11.5.18. ಪ್ರತಿ ಅಂಕಿಯನ್ನು ಅದರ ಸ್ಥಾನದ ದಿನಗಳಿಂದ ಗುಣಿಸಿ ಕೂಡಿಸಿ: 12,96,000 + 86,400 + 3,960 + 100 + 18 = 13,86,478. ಎಣಿಕೆ ಶುರುವಾದ ಕ್ರಿ.ಪೂ. 3114ರ ಆಗಸ್ಟ್ 11ರಿಂದ ಇಷ್ಟು ದಿನ ಕಳೆದಿವೆ. ಆ ಮೊದಲ ದಿನದ ಹೆಸರು 4 ಅಹಾವ್ 8 ಕುಮ್‌ಕು. ಇದನ್ನು ಬರೆದಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಈಗ 260 ದಿನಗಳ ಪವಿತ್ರ ಚಕ್ರ. ಇದನ್ನು ತ್ಸೋಲ್‌ಕಿನ್ ಅನ್ನುವುದು ವಿದ್ವಾಂಸರು ಇಟ್ಟ ಹೆಸರು. ಇದರಲ್ಲಿ 1ರಿಂದ 13ರ ಅಂಕಿ ಮತ್ತು 20 ದಿನದೇವತೆಗಳು: ಇಮಿಶ್, ಇಕ್, ಅಕ್‌ಬಲ್, ಕಾನ್, ಚಿಕ್‌ಚಾನ್, ಕಿಮಿ, ಮಾನಿಕ್, ಲಾಮಾತ್, ಮುಲುಕ್, ಓಕ್, ಚುವೆನ್, ಏಬ್, ಬೆನ್, ಇಶ್, ಮೆನ್, ಕಿಬ್, ಕಾಬಾನ್, ಎತ್ಸ್‌ನಾಬ್, ಕಾವಾಕ್, ಅಹಾವ್. ನಮ್ಮ ತಿಂಗಳಂತೆ 1 ಇಮಿಶ್, 2 ಇಮಿಶ್ ಎಂದು ಸಾಗುವುದಿಲ್ಲ. ವಾರವೂ ತಿಥಿಯೂ ಒಟ್ಟಿಗೆ ಬದಲಾಗುವ ಹಾಗೆ ಅಂಕಿ ಮತ್ತು ಹೆಸರು ಎರಡೂ ದಿನಕ್ಕೊಂದು ಹೆಜ್ಜೆ ಇಡುತ್ತವೆ: 1 ಇಮಿಶ್, 2 ಇಕ್, 3 ಅಕ್‌ಬಲ್.

13,86,478ನ್ನು 13ರಿಂದ ಭಾಗಿಸಿದರೆ ಶೇಷ 2. ಆರಂಭದ 4 ಸೇರಿಸಿ: 6. ಮೊತ್ತ 13 ದಾಟಿದರೆ 13 ಕಳೆಯಿರಿ. 20ರಿಂದ ಭಾಗಿಸಿದರೆ ಶೇಷ 18. ಪಟ್ಟಿಯಲ್ಲಿ ಹದಿನೆಂಟನೆಯದು ಎತ್ಸ್‌ನಾಬ್. ಶೇಷ ಸೊನ್ನೆ ಬಂದರೆ ಅಹಾವ್.

ಇನ್ನು 365 ದಿನಗಳ ಹಾಬ್. ತಲಾ 20 ದಿನಗಳ 18 ತಿಂಗಳು: ಪೋಪ್, ವೋ, ಸಿಪ್, ಸೋತ್ಸ್, ಸೆಕ್, ಶುಲ್, ಯಾಶ್‌ಕಿನ್, ಮೋಲ್, ಚೆನ್, ಯಾಶ್, ಸಾಕ್, ಕೆಹ್, ಮಾಕ್, ಕಾನ್‌ಕಿನ್, ಮುವಾನ್, ಪಾಶ್, ಕಾಯಾಬ್, ಕುಮ್‌ಕು. ಕೊನೆಗೆ ಉಳಿಯುವ 5 ದಿನ ವಯೇಬ್, ಕೆಟ್ಟ ದಿನಗಳೆಂದು ಅವರು ಹೆದರುತ್ತಿದ್ದದ್ದು. ಇಲ್ಲಿ ಎಣಿಕೆ 0ಯಿಂದ 19. ಸೊನ್ನೆಯ ದಿನ ಅಂದರೆ ತಿಂಗಳು ಪೀಠದಲ್ಲಿ ಕೂರುವ ದಿನ. 8 ಕುಮ್‌ಕು ವರ್ಷದಲ್ಲಿ 348ನೇ ಸ್ಥಾನ (17 × 20 + 8). 13,86,478ನ್ನು 365ರಿಂದ ಭಾಗಿಸಿದ ಶೇಷ 208. ಕೂಡಿಸಿದರೆ 556, ಅದರಲ್ಲಿ 365 ಕಳೆದರೆ 191. ಒಂಬತ್ತು ತಿಂಗಳು ತುಂಬಿ 11 ದಿನ ಮಿಕ್ಕವು, ಅಂದರೆ ಹತ್ತನೇ ತಿಂಗಳು: 11 ಯಾಶ್.

ಉತ್ತರ 6 ಎತ್ಸ್‌ನಾಬ್ 11 ಯಾಶ್. ಪುರಾತತ್ವಜ್ಞ ಆಲ್ಬರ್ಟೋ ರೂಸ್ 1952ರಲ್ಲಿ ತೆರೆದ ಗೋರಿಯಲ್ಲಿ, ಪಾಕಲ್‌ನ ಕಲ್ಲಿನ ಶವಪೆಟ್ಟಿಗೆಯ ಮುಚ್ಚಳದ ಅಂಚಿನಲ್ಲಿ ಕೆತ್ತಿರುವುದೂ ಇದೇ. ನಿಮಗೆ ಬೇರೆ ಬಂದಿದ್ದರೆ ಮೊದಲು ತುನ್‌ನ ಗುಣಾಕಾರ ನೋಡಿ.

ಎರಡೂ ಚಕ್ರ ಕೂಡಿ 18,980 ದಿನಕ್ಕೊಮ್ಮೆ, ಅಂದರೆ ಸುಮಾರು 52 ವರ್ಷಕ್ಕೆ, ಅದೇ ಜೋಡಿ ಮರಳುತ್ತದೆ. ಪಾಕಲ್ ಪಟ್ಟಕ್ಕೆ ಬಂದ 5 ಲಾಮಾತ್ 1 ಮೋಲ್, 80 ಸುತ್ತು ಮುಗಿಸಿ 4772ನೇ ಇಸವಿಯಲ್ಲಿ ಬರುತ್ತದೆಂದು ಪಾಲೆಂಕೆಯ ಶಾಸನವೇ ಬರೆದಿಟ್ಟಿದೆ. 2012ಕ್ಕೆ ಲೋಕ ಮುಗಿಯುತ್ತದೆ ಎಂದು ಅವರ ತಲೆಗೆ ಕಟ್ಟಿದವರು ಈ ಸಾಲನ್ನು ಓದಿರಲಿಲ್ಲ. ಆ ಸುದ್ದಿಯ ಜೊತೆ ಹರಿದಾಡಿದ ದುಂಡು ಕಲ್ಲಿನ ಚಿತ್ರವೂ ಮಾಯಾ ಜನರದ್ದಲ್ಲ, ಅಜ್ಟೆಕ್‌ರದು.

ಇಂದಿನ ದಿನ ಬೇಕಿದ್ದರೆ 2012ರ ಡಿಸೆಂಬರ್ 21ನ್ನು ಹಿಡಿಯಿರಿ, ಅದು 4 ಅಹಾವ್. ಅಲ್ಲಿಂದ 2025ರ ಜನವರಿ 18ಕ್ಕೆ 4,411 ದಿನ. 13ರಿಂದ ಶೇಷ 4, 20ರಿಂದ 11. ಹಾಗಾಗಿ 8 ಚುವೆನ್. ಅಧಿಕ ವರ್ಷದ ಫೆಬ್ರವರಿ 29 ಬಿಟ್ಟರೆ ದೇವತೆಯೇ ಬದಲಾಗುತ್ತಾನೆ. ಕೆಲವು ಪುಸ್ತಕಗಳು ಎರಡು ದಿನ ಆಚೆಗೆ ತೋರಿಸುತ್ತವೆ. ಅವು 584283ರ ಬದಲು 584285 ಎಂಬ, ಮಾಯಾ ಎಣಿಕೆಯನ್ನು ನಮ್ಮ ಕ್ಯಾಲೆಂಡರಿಗೆ ಜೋಡಿಸುವ ಹೊಂದಾಣಿಕೆ ಸಂಖ್ಯೆ ಬಳಸಿರುತ್ತವೆ. ಗ್ವಾಟೆಮಾಲಾದ ಬೆಟ್ಟಗಳಲ್ಲಿ ಇಂದಿಗೂ ನಡೆಯುತ್ತಿರುವ ಎಣಿಕೆಗೆ ಹೊಂದುವುದು ಮೊದಲನೆಯದು.

ಅಲ್ಲಿನ ಕಿಚೆ ಭಾಷೆಯಲ್ಲಿ 8 ಚುವೆನ್‌ಗೆ 8 ಬಾತ್ಸ್ ಎನ್ನುತ್ತಾರೆ. ಮೊಮೊಸ್ತೆನಾಂಗೊ ಪಟ್ಟಣದಲ್ಲಿ ಹೊಸ ದಿನಗಣಕರಿಗೆ ದೀಕ್ಷೆ ಕೊಡುವ ದಿನ ಅದು. ಅವರು ದಿನ ಎಣಿಸಿ ಶಕುನ ನೋಡುವ ಕೆಂಪು ತ್ಸಿತೆ ಬೀಜ, ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೆ ನೆಡುವ ಹಾಲುವಾಣದ ಕುಲದ ಮರದ್ದೇ.