ಕೆ.ಆರ್. ಮಾರ್ಕೆಟ್‌ನ ನೂಕುನುಗ್ಗಲಲ್ಲಿ ಫ್ರೇಮ್ ಕಟ್ಟುವುದು

ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಬೆಳಿಗ್ಗೆ ಕ್ಯಾಮೆರಾ ಹಿಡಿದು ಹೋದವರು ಮುಖಗಳ ಹಿಂದೆ ಬೀಳುತ್ತಾರೆ. ಮನೆಗೆ ಬಂದು ನೋಡಿದರೆ ಮುಖವೇನೋ ಚೆನ್ನಾಗಿದೆ, ತಲೆಯ ಮೇಲೊಂದು ಕಂಬ ಎದ್ದಿದೆ, ಅಂಚಿನಲ್ಲಿ ಯಾರದೋ ಅರ್ಧ ಮೊಣಕೈ. ಜನರನ್ನು ಹೇಳಿ ನಿಲ್ಲಿಸುವ ಹಾಗಿಲ್ಲ, ಹಿನ್ನೆಲೆಯನ್ನು ಆರಿಸಿಕೊಳ್ಳಬಹುದು. ಅದನ್ನು ಮೊದಲು ಹುಡುಕಿ, ನಾಲ್ಕೂ ಅಂಚು ನೋಡಿಕೊಂಡು ನಿಂತುಬಿಡಿ. ಮನುಷ್ಯರು ತಾವಾಗಿ ಬರುತ್ತಾರೆ.

ಫುಲ್‌ಫ್ರೇಮ್ (35 ಎಂಎಂ ಫಿಲ್ಮ್‌ನಷ್ಟೇ ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ 28 ಎಂಎಂ ಲೆನ್ಸ್, ಅಪರ್ಚರ್ ಅಂದರೆ ಲೆನ್ಸ್‌ನ ಕಿಂಡಿ ಎಫ್/8, ಮ್ಯಾನ್ಯುಯಲ್ ಫೋಕಸ್ 2.5 ಮೀಟರ್. ಆಗ ಸುಮಾರು ಒಂದೂವರೆಯಿಂದ ಹತ್ತು ಮೀಟರ್‌ವರೆಗೆ ಶಾರ್ಪ್ ಬರುತ್ತದೆ. 35 ಎಂಎಂ ಆದರೆ ಐದು ಮೀಟರ್‌ಗೇ ಮುಗಿಯಿತು. ಆಟೋಫೋಕಸ್ ನಂಬಿದರೆ ಮಂಕರಿ ಹೊತ್ತು ಅಡ್ಡ ಹಾಯುವವರಿಗೆಲ್ಲ ಅದು ಅಂಟಿಕೊಳ್ಳುತ್ತದೆ. ಶಟರ್ ವೇಗವನ್ನು ಸೆಕೆಂಡಿನ 1/250ಕ್ಕಿಂತ ಇಳಿಸಬೇಡಿ, ಎರಡು ಮೀಟರ್‌ನಲ್ಲಿ ಅಡ್ಡ ಹಾಯುವವರಿಗೆ 1/500 ಬೇಕು. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಆಟೋ, ಮಿತಿ 6400. ಚಿತ್ರದಲ್ಲಿ ಕಾಳುಕಾಳಾದ ನಾಯ್ಸ್ ಬಂದರೆ ಬರಲಿ, ಅಲುಗಿದ ಮುಖವನ್ನು ಯಾವ ಸಾಫ್ಟ್‌ವೇರೂ ನೆಟ್ಟಗೆ ಮಾಡುವುದಿಲ್ಲ.

ಚೆಂಡು ಹೂವಿನ ರಾಶಿ ಮೋಸ ಮಾಡುತ್ತದೆ. ಬಿಸಿಲು ಬಿದ್ದಾಗ ಚಿತ್ರದ ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ ಕೆಂಪು ಎಲ್ಲಕ್ಕಿಂತ ಮೊದಲು ತುಂಬಿ ಹೋಗುತ್ತದೆ, ಬರೀ ಬೆಳಕಿನ ಹಿಸ್ಟೋಗ್ರಾಂನಲ್ಲಿ (ಚಿತ್ರದಲ್ಲಿ ಕತ್ತಲೆ, ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ) ಅದು ಗೊತ್ತಾಗುವುದಿಲ್ಲ. ಎಸಳೆಲ್ಲ ಸೇರಿ ಕಿತ್ತಳೆ ಮುದ್ದೆಯಾಗುತ್ತದೆ. ಮೂರೂ ಬಣ್ಣವನ್ನು ಬೇರೆಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಂ ಹಾಕಿಕೊಂಡು, ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) -0.7ರಿಂದ ಶುರು ಮಾಡಿ.

ಮೇಲಿನ ಮಹಡಿಯಿಂದ ಕೆಳಗೆ ನೋಡಿ ತೆಗೆದರೆ ಆಕಾಶ, ಬೋರ್ಡು ಯಾವುದರ ಕಾಟವೂ ಇಲ್ಲ, ಹೂವೇ ಹಿನ್ನೆಲೆ. ಎಲ್ಲರೂ ತೆಗೆಯುವ ಫೋಟೋ ಅದು, ಪರವಾಗಿಲ್ಲ. ಅಲ್ಲಿಗೆ 50ರಿಂದ 85 ಎಂಎಂ ಮತ್ತು ಆಟೋಫೋಕಸ್ ಸರಿ. ಬರೀ ನೆತ್ತಿಗಳು ಕಾಣುತ್ತಿದ್ದರೆ ಒತ್ತಬೇಡಿ. ಮಾರು ಅಳೆಯಲು ಕೈ ಚಾಚುವವರೆಗೆ, ಯಾರಾದರೂ ಮೇಲೆ ನೋಡುವವರೆಗೆ ಕಾಯಿರಿ.

ಕೆಳಗೆ ಒಬ್ಬರ ತಲೆ ಇನ್ನೊಬ್ಬರ ಹೆಗಲಿಗೆ ಅಂಟಿದಂತೆ ಕಂಡರೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಇಬ್ಬರ ನಡುವೆ ಬೆಳಕಿನ ಒಂದು ಗೆರೆಯಾದರೂ ಇರಲಿ. ಗುಂಪು ದಟ್ಟವಾಗಿದ್ದರೆ ಕ್ಯಾಮೆರಾವನ್ನು ತಲೆಗಿಂತ ಮೇಲೆತ್ತಿ, ತಲೆಗಳು ಬಿಡಿಬಿಡಿಯಾಗುತ್ತವೆ. ಹಿಂದೆ ಟಾರ್ಪಾಲಿನ ನೀಲಿ ಇದ್ದರೆ ಎದೆ ಮಟ್ಟಕ್ಕೆ ಇಳಿಸಿ, ಮುಖ ಅದರ ಮೇಲೆ ಕೂರುತ್ತದೆ. ನಡೆಯುವವರ ಕಾಲು ಅಗಲವಾದಾಗ ಒತ್ತಿ. ಎರಡು ಕಾಲೂ ಒಂದಾದ ಕ್ಷಣದಲ್ಲಿ ಮನುಷ್ಯ ಒಂಟಿ ಕಂಬದ ಹಾಗೆ ಕಾಣುತ್ತಾನೆ.

ಒತ್ತಿದ ಮೇಲೆ ಕ್ಯಾಮೆರಾವನ್ನು ತಕ್ಷಣ ಇಳಿಸಬೇಡಿ. ಹಾಗೇ ಹಿಡಿದಿದ್ದರೆ ತಮ್ಮ ಹಿಂದಿನ ಏನನ್ನೋ ತೆಗೆಯುತ್ತಿದ್ದಾರೆ ಅಂದುಕೊಂಡು ಜನ ಸುಮ್ಮನೆ ದಾಟುತ್ತಾರೆ. ಯಾರಾದರೂ ಬೇಡ ಎಂದರೆ ಅವರೆದುರೇ ಅಳಿಸಿ. ಹೊರೆ ಹೊತ್ತವರು ಬಂದರೆ ಎಂಥ ಫ್ರೇಮ್ ಇದ್ದರೂ ದಾರಿ ಬಿಡಿ.